ಡ್ರಮ್ಸ್ ಬೇಡ, ಗಿಟಾರ್ ಒಂದೇ ಇರಲಿ

ಪತ್ರ: ನನ್ನ ಮಗಳು ಗಿಟಾರ್ ನುಡಿಸುತ್ತಾಳೆ, ಹಾಡುವುದಿಲ್ಲ. ನಮ್ಮ ಅತ್ತೆ ಹೇಳಿಕೊಟ್ಟ ಬೀಸುವ ಪದದ ಮಟ್ಟು, ಬ್ಲೂಸ್, ಜಾಝ್ ಎಲ್ಲ ಸೇರಿಸಿ ಮೊದಲ ಆಲ್ಬಂ ತರಬೇಕು ಅಂತಿದ್ದಾಳೆ. ಸ್ಟುಡಿಯೋದವರು ಡ್ರಮ್ಸ್, ಕೀಬೋರ್ಡ್ ಸೇರಿಸಿ, ಯಾವುದಾದರೂ ಒಂದೇ ಬಗೆ ಇಟ್ಟುಕೊಳ್ಳಿ ಎನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಹನುಮಂತನಗರ, ಬೆಂಗಳೂರು

ಸಂಪಾದಕರ ಉತ್ತರ: ಮೇಡಂ, ದಯವಿಟ್ಟು ಏನನ್ನೂ ಸೇರಿಸಬೇಡಿ. ಬೆರಳಲ್ಲಿ ಮೀಟುವ ಗಿಟಾರಿನಲ್ಲಿ ತಾಳ ಹಿಡಿಯುವುದು ಹೆಬ್ಬೆರಳು. ಅದು ದಪ್ಪ ತಂತಿಗಳ ಮೇಲೆ ಒಂದೇ ಸಮ ನಡೆಯುತ್ತಿರುತ್ತದೆ. ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ಮಟ್ಟು ನುಡಿಸುತ್ತವೆ. ಅಮೆರಿಕದ ಬ್ಲೂಸ್ ಗಾಯಕ, ಗಿಟಾರ್ ವಾದಕ ಮಿಸಿಸಿಪ್ಪಿ ಜಾನ್ ಹರ್ಟ್ ಅವರ 1928ರ ರೆಕಾರ್ಡಿಂಗ್ ಕೇಳಿ ನೋಡಿ, ಗಿಟಾರ್ ಹಿಡಿದವರು ಒಬ್ಬರೇ ಅಂದರೆ ನಂಬೋದು ಕಷ್ಟ. ಇದರ ಮೇಲೆ ಡ್ರಮ್ಸ್ ಬಿದ್ದರೆ ಮೊದಲು ಮುಚ್ಚಿಹೋಗುವುದು ಆ ಹೆಬ್ಬೆರಳೇ.

ಇನ್ನು ಮೂರು ಬಗೆ ಒಟ್ಟಿಗೆ ಹೊಂದುತ್ತವೆಯೇ? ಖಂಡಿತ ಹೊಂದುತ್ತವೆ. ಬೀಸುವ ಪದ ದುಡಿಮೆಯ ಹಾಡು, ಕಲ್ಲು ತಿರುಗುವ ಓಟವೇ ಅದರ ತಾಳ. ಬ್ಲೂಸ್‌ನ ಬೇರು ಇರುವುದೂ ಅಮೆರಿಕದ ದಕ್ಷಿಣದ ಹೊಲಗಳಲ್ಲಿ ದುಡಿದ ಕಪ್ಪು ಜನರ ಕೆಲಸದ ಹಾಡುಗಳಲ್ಲಿ. ಜಾಝ್ ಬೆಳೆದದ್ದು ಬ್ಲೂಸ್ ಜೊತೆಗೇ. ನಿಮ್ಮ ಮಗಳಿಗೆ ಈ ನಂಟು ಕಿವಿಯಿಂದಲೇ ಗೊತ್ತಾಗಿದೆ. ಅದನ್ನು ಯಾರೂ ಬಿಡಿಸಬಾರದು.

ಸ್ಕಾಟ್ಲೆಂಡಿನ ಗಿಟಾರ್ ವಾದಕ ಬರ್ಟ್ ಜಾನ್ಷ್ 1965ರಲ್ಲಿ ಮೊದಲ ಆಲ್ಬಂ ತಂದಾಗ ಅವರಿಗೆ 21 ವರ್ಷ. ಗಿಟಾರ್ ಕೂಡ ಎರವಲು. ಮನೆಯೊಂದರಲ್ಲಿ ಟೇಪ್ ರೆಕಾರ್ಡರ್ ಇಟ್ಟು ಮಾಡಿದ ಆ ಧ್ವನಿಮುದ್ರಣವನ್ನು ಕಂಪನಿ 100 ಪೌಂಡ್‌ಗೆ ಕೊಂಡಿತು. ಕೆಲವು ಹಾಡು, ಕೆಲವು ಬರೀ ಗಿಟಾರ್. ಜನಪದ, ಬ್ಲೂಸ್, ಜಾಝ್ ಮೂರೂ ಅದರಲ್ಲಿವೆ. ಇಂದಿಗೂ ಗಿಟಾರ್ ಕಲಿಯುವವರು ಅದನ್ನು ಕೇಳುತ್ತಾರೆ.

ಮಗಳಿಗೆ ಇನ್ನೊಂದು ಮಾತು ಹೇಳಿ. ಇಂಗ್ಲೆಂಡಿನ ಗಿಟಾರ್ ವಾದಕ ಡೇವಿ ಗ್ರಹಾಂ ಮೊರಾಕ್ಕೋಗೆ ಹೋಗಿಬಂದ ಮೇಲೆ ಗಿಟಾರಿನ ಮೂರು ತಂತಿಗಳನ್ನು ಒಂದೊಂದು ಟೋನ್ (ಒಂದು ಪೂರ್ಣ ಸ್ವರದಷ್ಟು) ಇಳಿಸಿ ಡಿ, ಎ, ಡಿ, ಜಿ, ಎ, ಡಿ ಎಂದು ಕಟ್ಟಿದರು. ನಮ್ಮ ಲೆಕ್ಕದಲ್ಲಿ ಅದು ಸ, ಪ, ಸ, ಮ, ಪ, ಸ. ತಂಬೂರಿ ಕೇಳಿ ಬೆಳೆದ ಕಿವಿಗೆ ಎಷ್ಟು ಹತ್ತಿರ ಅಲ್ವಾ? ಇದರಲ್ಲಿ ‘ಗ’ ಇಲ್ಲ, ಹಾಗಾಗಿ ಗಾಂಧಾರವನ್ನು ತಂತಿ ಮೊದಲೇ ನಿರ್ಧರಿಸುವುದಿಲ್ಲ, ಮಟ್ಟು ಕೇಳಿದ ಗಾಂಧಾರ ಹಿಡಿಯಬಹುದು. ಬೀಸುವ ಪದವನ್ನು ಇದರಲ್ಲಿ ಒಮ್ಮೆ ನುಡಿಸಿ ನೋಡಲಿ.

ರೆಕಾರ್ಡಿಂಗ್ ಮನೆಯಲ್ಲೇ ಆದರೂ ಸರಿ. ನಿಮ್ಮ ಕಡೆ ಹಾರ್ನ್ ಜಾಸ್ತಿ, ರಾತ್ರಿ ಹೊತ್ತು ಒಳ್ಳೆಯದು. ಮೈಕನ್ನು ಗಿಟಾರಿನ ಕುತ್ತಿಗೆಯ 12ನೇ ಫ್ರೆಟ್ (ಅಡ್ಡಪಟ್ಟಿ) ಕಡೆ, ಸುಮಾರು ಒಂದಡಿ ದೂರ ಇಡಿ. ಗಿಟಾರಿನ ತೂತಿನ ಎದುರು ಇಟ್ಟರೆ ಗುಂಯ್ ಅನ್ನುತ್ತದೆ. ತಂತಿಯ ಮೇಲೆ ಬೆರಳು ಜಾರುವ ಸದ್ದು ಬಂದರೆ ಬರಲಿ, ಅಳಿಸಬೇಡಿ.

ನನ್ನದೊಂದು ಕೋರಿಕೆ. ಜನಪದದ ಮಟ್ಟು ಬಳಸುವ ಎಷ್ಟೋ ಜನ ಅದನ್ನು ಹಾಡಿ ಉಳಿಸಿದ ಹೆಂಗಸರ ಹೆಸರು ಹಾಕುವುದೇ ಇಲ್ಲ. ನನಗೆ ಅದು ಬಹಳ ಸಂಕಟದ ವಿಷಯ. ನಿಮ್ಮ ಅತ್ತೆಯವರ ಹೆಸರು, ಊರು ಎರಡನ್ನೂ ಕವರ್ ಮೇಲೆ ಹಾಕಿಸಿ. ಆಲ್ಬಂ ಬಂದ ಕೂಡಲೇ ನಮಗೂ ಒಂದು ಪ್ರತಿ ಕಳಿಸಿ, ವಿಮರ್ಶೆ ಬರೆಸುತ್ತೇವೆ.