ನಿಮ್ಮ ತೋಟದ ಲೇಖನ ಓದ್ದೆ, ಈಗಿರೋ ಹಾಗೆ ಹಾಕಕ್ಕಾಗಲ್ಲ

ನಮಸ್ಕಾರ. ಫ್ರಾನ್ಸಿನ ಒರ್ಸಾನ್ ತೋಟದ ಬಗ್ಗೆ ನೀವು ಕಳ್ಸಿದ್ದು ಪೂರ್ತಿ ಓದ್ದೆ. ಹಾಕಕ್ಕಾಗಲ್ಲ ಅಂದ್ರೂ ಬಿಟ್ಬಿಡಿ ಅಂತ ಹೇಳ್ತಿಲ್ಲ, ಕ್ರೈಸ್ತ ಮಠದ ತೋಟದ ಪದ್ಧತಿ ಇಟ್ಕೊಂಡು ಈ ಕಾಲದಲ್ಲಿ ಹೊಸ ತೋಟ ಹೇಗೆ ಡಿಸೈನ್ ಮಾಡ್ತಾರೆ ಅನ್ನೋದು ಒಳ್ಳೇ ವಿಷಯ, ನೀವು ಹೋಗಿ ಕಣ್ಣಾರೆ ಬೇರೆ ನೋಡಿದ್ದೀರ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೊದ್ಲು ತಪ್ಪುಗಳು. ಹೆಡ್ಡಿಂಗಲ್ಲೇ "ಒಂಬೈನೂರು ವರ್ಷದ ತೋಟ" ಅಂದಿದ್ದೀರ. ಹಳೇದು ಮಠ ರೀ, ತೋಟ ಅಲ್ಲ. ಮಠ 1107ರಲ್ಲಿ ರೊಬೆರ್ ದಾರ್ಬ್ರಿಸೆಲ್ ಅನ್ನೋ ಕ್ರೈಸ್ತ ಧರ್ಮಬೋಧಕ ಶುರು ಮಾಡಿದ್ದು, ಆತ 1116ರಲ್ಲಿ ತೀರ್ಕೊಂಡಿದ್ದೂ ಅಲ್ಲೇ. ತೋಟ 1990ರ ದಶಕದ್ದು. ಪತ್ರೀಸ್ ತರವೆಲ್ಲಾ, ಸೋನಿಯಾ ಲೆಸೊ ಅಂತ ಇಬ್ರು ಆರ್ಕಿಟೆಕ್ಟ್‌ಗಳು ಮಧ್ಯಯುಗದ ಹಸ್ತಪ್ರತಿಗಳಲ್ಲಿರೋ ಚಿತ್ರಗಳನ್ನ ನೋಡ್ಕೊಂಡು ಹೊಸದಾಗಿ ಮಾಡಿದ್ದು. ಇನ್ನು "ಸನ್ಯಾಸಿಗಳು ಮೌನವಾಗಿ ನಡೆದಾಡುತ್ತಿದ್ದ ಹಾದಿ" ಅಂತ ಬರ್ದಿದ್ದೀರಲ್ಲ, ಒರ್ಸಾನ್ ಫೊಂತೆವ್ರೊ ಪಂಗಡದ ಮಠ, ಆ ಪಂಗಡದಲ್ಲಿ ಗಂಡಸ್ರೂ ಹೆಂಗಸ್ರೂ ಇದ್ರು, ಯಜಮಾನಿಕೆ ಮಾತ್ರ ಹೆಂಗಸಿನ ಕೈಲಿ. ನಿಮ್ಮ ಲೇಖನದಲ್ಲಿ ಒಬ್ಬ ಸನ್ಯಾಸಿನಿನೂ ಇಲ್ಲ. "ಮಧ್ಯಯುಗದ ಗಿಡಗಳು" ಅನ್ನೋ ಭಾಗದಲ್ಲಿ ಸೂರ್ಯಕಾಂತಿ, ಚೆಂಡು ಹೂವು ಹಾಕಿದ್ದೀರ, ಅವೆರಡೂ ಅಮೆರಿಕದಿಂದ ಬಂದಿದ್ದು, ಕೊಲಂಬಸ್ 1492ರಲ್ಲಿ ಆ ಕಡೆ ಹೋಗೋ ತನಕ ಯುರೋಪಿನ ಯಾವ ಮಠದಲ್ಲೂ ಇರೋ ಚಾನ್ಸೇ ಇಲ್ಲ.

ಇವೆಲ್ಲ ತಿದ್ದಬಹುದು ಬಿಡಿ. ನನಗೆ ನಿಜವಾಗ್ಲೂ ಕಿರಿಕಿರಿ ಆಗಿದ್ದು ಪ್ಯಾರಾಕ್ಕೊಂದು ಸಲ ಬರೋ ಶಾಂತಿ. ಶಾಂತ ವಾತಾವರಣ, ಪ್ರಶಾಂತ ಕಾರಂಜಿ, ಮನಸ್ಸಿಗೆ ನೆಮ್ಮದಿ, ಸರಿ, ಆದ್ರೆ ನೀರು ಎಲ್ಲಿಂದ ಬರುತ್ತೆ, ಯಾವ ಮಡೀಲಿ ಏನಿದೆ, ಯಾಕೆ ಅಲ್ಲೇ ಇದೆ, ಒಂದೂ ಗೊತ್ತಾಗಲ್ಲ. ಮಠದೋರಿಗೆ ತೋಟ ಅಂದ್ರೆ ಮೊದ್ಲು ಕೆಲಸದ ಜಾಗ. 6ನೇ ಶತಮಾನದ ಬೆನೆಡಿಕ್ಟ್ ನಿಯಮಾವಳಿ, ಅಂದ್ರೆ ಮಠದಲ್ಲಿ ಹೇಗೆ ಬಾಳ್ಬೇಕು ಅಂತ ಸಂತ ಬೆನೆಡಿಕ್ಟ್ ಬರ್ದಿಟ್ಟ ನಿಯಮಗಳು, 66ನೇ ಅಧ್ಯಾಯದಲ್ಲಿ ನೀರು, ಗಿರಣಿ, ತೋಟ ಎಲ್ಲಾ ಆದಷ್ಟೂ ಮಠದ ಗೋಡೆ ಒಳಗೇ ಇರ್ಲಿ, ಸನ್ಯಾಸಿಗಳು ಹೊರಗೆ ಅಲೆಯೋದು ಬೇಡ ಅನ್ನುತ್ತೆ. ಡಿಸೈನ್ ಶುರುವಾಗೋದೇ ಅಲ್ಲಿಂದ.

ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲನ್ ಲೈಬ್ರರೀಲಿ 9ನೇ ಶತಮಾನದ ಒಂದು ನಕ್ಷೆ ಇದೆ, ಚರ್ಮದ ಹಾಳೆಗಳನ್ನ ಹೊಲಿದು ಅದರ ಮೇಲೆ ಇಡೀ ಮಠದ ಪ್ಲಾನ್ ಬರ್ದಿದ್ದಾರೆ, ಅದನ್ನ ನೋಡ್ದೇನೇ ಈ ಲೇಖನ ಬರೀಬೇಡಿ. ಔಷಧಿ ಗಿಡದ 16 ಮಡಿ ವೈದ್ಯನ ಮನೆ ಪಕ್ಕದಲ್ಲಿ, ತರಕಾರಿದು 18 ಮಡಿ ತೋಟಗಾರನ ಮನೆ ಪಕ್ಕದಲ್ಲಿ, ಅಲ್ಲೇ ಹತ್ರ ಕೋಳಿ ಗೂಡು, ಹೆಬ್ಬಾತುಗಳ ಗೂಡು, ಗೊಬ್ಬರಕ್ಕೆ ದೂರ ಹೋಗ್ಬೇಕಾಗಿಲ್ಲ. ಸ್ಮಶಾನನೂ ಖಾಲಿ ಬಿಟ್ಟಿಲ್ಲ, ಸಮಾಧಿಗಳ ಮಧ್ಯೆ ಸೇಬು, ಪೇರ್ ಥರದ ಹಣ್ಣಿನ ಮರ. ಒಂದೊಂದು ಮಡಿಗೂ ಗಿಡದ ಹೆಸರು ಬರ್ದಿದ್ದಾರೆ: ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಸಬ್ಬಸಿಗೆ, ಔಷಧಿ ಕಡೆ ಜೀರಿಗೆ, ಮೆಂತ್ಯ. ನಮ್ಮ ಓದುಗರು ಇಲ್ಲಿ ನಿಂತು ಇನ್ನೊಂದ್ಸಲ ಓದ್ತಾರೆ ನೋಡಿ, ನಿಮ್ಮ ಪ್ರಶಾಂತ ಕಾರಂಜಿ ಹತ್ರ ಅಲ್ಲ.

ಅದೇ ಕಾಲದ, ಈಗಿನ ಜರ್ಮನಿಯ ರೈಖನೌ ಮಠದ ಸನ್ಯಾಸಿ ವಾಲಾಫ್ರಿಡ್ ಸ್ಟ್ರಾಬೊ ತನ್ನ ತೋಟದ ಮೇಲೇ ಒಂದು ಲ್ಯಾಟಿನ್ ಪದ್ಯ ಬರ್ದಿದ್ದಾನೆ. ಬಾಗಿಲ ಮುಂದೆ ತುರಿಕೆ ಗಿಡ ಬೆಳ್ಕೊಂಡಿರುತ್ತೆ, ಬೇರು ಸಮೇತ ಕಿತ್ತು, ಮಣ್ಣು ಕೊಚ್ಚಿ ಹೋಗದ ಹಾಗೆ ಮಡಿ ಸುತ್ತ ಹಲಗೆ ನಿಲ್ಲಿಸ್ತಾನೆ, ಮಳೆ ಬರ್ದಿದ್ರೆ ನೀರು ಹೊತ್ಕೊಂಡು ಬಂದು ಬೀಜ ಕದಲದ ಹಾಗೆ ಬೊಗಸೇಲಿ ಹನಿಹನಿಯಾಗಿ ಬಿಡ್ತಾನೆ. ಶಾಂತಿ ಬೇಕಿದ್ರೆ ಓದೋರು ಅದರಲ್ಲೇ ಹುಡುಕ್ಕೊಳ್ತಾರೆ.

ನಿಮ್ಮಲ್ಲಿ ಅಂಥ ಒಂದು ಜಾಗ ಇದೆ, ಎಲ್ಲೋ ನಡುವೆ ಹೂತ್ಹಾಕಿದ್ದೀರ. ಮಡಿ ಸುತ್ತ ಹೆಣೆದಿರೋ ತಡಿಕೇಲಿ ಒಂದು ಕೋಲು ಕೊಳೆತು ಹೊಸದು ಸೇರ್ಸಿದ್ರು, ಬಣ್ಣ ಬೇರೆ ಕಾಣ್ತಿತ್ತು ಅಂತ ಬರ್ದಿದ್ದೀರಲ್ಲ, ಅಲ್ಲಿಂದ ಶುರು ಮಾಡಿ. ಮರದ ತಡಿಕೆ ಬೇಗ ಹಾಳಾಗುತ್ತೆ, ಮತ್ತೆ ಮತ್ತೆ ಹೆಣೀಬೇಕು, ಗೊತ್ತಿದ್ದೂ ಆ ಆರ್ಕಿಟೆಕ್ಟ್‌ಗಳು ಸಿಮೆಂಟ್ ಕಟ್ಟೆ ಯಾಕೆ ಕಟ್ಟಲಿಲ್ಲ? ಕ್ಲಾಯ್ಸ್ಟರ್ ಅಂದ್ರೆ ಕಲ್ಲಿನ ಪಡಸಾಲೆ ನಡುವಿನ ಚೌಕ ಅಂಗಳ, ಅವರು ಕಲ್ಲಿನ ಬದ್ಲು ಹಾರ್ನ್‌ಬೀಮ್ ಅನ್ನೋ ಮರದ ಬೇಲಿನೇ ಗೋಡೆ ಥರ ಕತ್ತರಿಸಿ ನಿಲ್ಲಿಸಿದ್ರು, ನಡುವೆ ನೀರು ಇಟ್ಟು ನಾಲ್ಕು ಚೌಕದಲ್ಲೂ ದ್ರಾಕ್ಷಿ ಹಾಕಿದ್ರು. ಹಳೇದರಲ್ಲಿ ಏನು ಉಳ್ಸಿಕೊಂಡ್ರು, ಏನು ಬಿಟ್ರು, ಲೇಖನ ಅಂದ್ರೆ ಅದೇ.

"ನಿಮ್ಮ ಮನೆಯಲ್ಲೂ ಮಾಡಿಕೊಳ್ಳಿ" ಅನ್ನೋ ಟಿಪ್ಸ್ ಬಾಕ್ಸ್ ತೆಗೀರಿ. ಲ್ಯಾವೆಂಡರ್ ಕುಂಡ, ಒಂದು ಶಿಲುಬೆ, ಒಂದು ಬೆಂಚು ಇಟ್ಬಿಟ್ರೆ ಮಠದ ತೋಟ ಆಗ್ಬಿಡಲ್ಲ. ಚಿಕ್ಕ ಜಾಗದೋರಿಗೆ ಏನಾದ್ರೂ ಹೇಳ್ಲೇಬೇಕು ಅಂದ್ರೆ ಕಾರ್ತೂಸಿಯನ್‌ರ ಬಗ್ಗೆ ಹೇಳಿ, ಏಕಾಂತದಲ್ಲಿ ಬಾಳೋ ಕ್ರೈಸ್ತ ಸನ್ಯಾಸಿಗಳ ಪಂಗಡ ಅದು, ಅವರಲ್ಲಿ ಒಬ್ಬೊಬ್ಬ ಸನ್ಯಾಸಿಗೂ ಒಂದು ಪುಟ್ಟ ಮನೆ, ಎತ್ತರದ ಗೋಡೆ ಒಳಗೆ ಅವನದೇ ಒಂದು ಕೈತೋಟ. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಮೌಂಟ್ ಗ್ರೇಸ್ ಮಠದಲ್ಲಿ ಅಂಥದ್ದೊಂದನ್ನ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ದೊಡ್ಡ ಕ್ಲಾಯ್ಸ್ಟರ್‌ಗಿಂತ ಇವತ್ತಿನ ಸೈಟ್ ಅಳತೆಗೆ ಅದು ಹತ್ರ.

ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ, "ತಂಪೆರೆಯುವ", "ಮೈಮರೆಸುವ" ಎಲ್ಲಾ ಹೊಡೆದುಹಾಕಿ, ಉಳಿದಿದ್ದು ಚೆನ್ನಾಗೇ ಇದೆ. ಮುಂದಿನ ಡ್ರಾಫ್ಟ್ 1,200 ಪದ ದಾಟದೆ ಇರ್ಲಿ. ಫೋಟೋಲಿ ನೀವು ಕಾರಂಜಿ ಮುಂದೆ ನಿಂತಿರೋವು ಬೇಡ, ಆ ತಡಿಕೇದು ಹತ್ರದಿಂದ ತೆಗೆದಿದ್ದು ಇದ್ರೆ ಕಳ್ಸಿ, ಸೈಜ್ ಕಮ್ಮಿ ಮಾಡ್ದೆ ಒರಿಜಿನಲ್ಲೇ ಕಳ್ಸಿ.