ಡೆನ್ಮಾರ್ಕ್‌ನಲ್ಲಿ ಬೀದಿ ತಿಂಡಿ, ಸಂತೆ ನೋಡಬೇಕು. ಬೆಂಗಳೂರಿನ ವಿ.ವಿ.ಪುರಂ ತಿಂಡಿ ಬೀದಿ ಥರ ಎಲ್ಲಿದೆ, ಯಾವ ಫುಡ್ ಹಾಲ್ ಅಗ್ಗ? ಸಸ್ಯಾಹಾರಿಗಳಿಗೆ ಕಡಿಮೆ ಖರ್ಚಿನಲ್ಲಿ ಆಗುತ್ತಾ? ಎಲ್ಲ ಕಡೆ ಕಾರ್ಡ್ ನಡೆಯುತ್ತದಂತೆ, ನಗದು ಬೇಡ ಅಲ್ವಾ?

ನಗದು ಬೇಕು. ಅದರಲ್ಲೂ ಚಿಲ್ಲರೆ ನಾಣ್ಯ ಬೇಕು. ಉಳಿದದ್ದನ್ನು ಆಮೇಲೆ ಹೇಳುತ್ತೇನೆ, ಮೊದಲು ಸಾಮ್ಸೋ ದ್ವೀಪದಲ್ಲಿ ನಮಗೇನಾಯಿತು ಅಂತ ಕೇಳಿ.

ನನ್ನ ತಂಗಿ ಡೆನ್ಮಾರ್ಕ್‌ನ ಆರ್ಹುಸ್ ನಗರದಲ್ಲಿ ಓದುತ್ತಿದ್ದಳು. ಜೂನ್ ಕೊನೆಗೆ ನಾನೂ ಯಜಮಾನರೂ ಅವಳ ಮನೆಗೆ ಹೋಗಿದ್ದೆವು. ಹೊರಡುವ ಮುಂಚೆ ನಾನೂ ನಿಮ್ಮ ಹಾಗೇ ಎಲ್ಲರನ್ನೂ ಕೇಳಿದ್ದೆ. ಎಲ್ಲರೂ ಒಂದೇ ಮಾತು: ಅಲ್ಲಿ ನೋಟು ಯಾರೂ ಮುಟ್ಟಲ್ಲ, ಫಾರೆಕ್ಸ್ ಕಾರ್ಡ್ ಇದ್ದರೆ ಸಾಕು. ಎಂಟು ದಿಕ್ಕಿನಿಂದಲೂ ಅದೇ ಕೇಳಿ ನಂಬಿಬಿಟ್ಟೆ. ಯಾವುದಕ್ಕೂ ಇರಲಿ ಅಂತ ಎಟಿಎಂನಲ್ಲಿ 500 ಕ್ರೋನರ್‌ನ ಒಂದೇ ಒಂದು ನೋಟು ತೆಗೆದು ಪರ್ಸಿನ ಒಳಗಡೆ ಇಟ್ಟುಕೊಂಡಿದ್ದೆ.

ಆರ್ಹುಸ್‌ನ ದಕ್ಷಿಣಕ್ಕೆ ಹೌ ಅಂತ ಒಂದು ಬಂದರು ಇದೆ. ಅಲ್ಲಿಂದ ಹಡಗಿನಲ್ಲಿ ಒಂದು ಗಂಟೆ ಹೋದರೆ ಸಾಮ್ಸೋ. ಹೊಸ ಆಲೂಗಡ್ಡೆಗೆ ಇಡೀ ಡೆನ್ಮಾರ್ಕ್‌ನಲ್ಲಿ ಹೆಸರಾದ ದ್ವೀಪ ಅದು. ರಸ್ತೆ ಉದ್ದಕ್ಕೂ ರೈತರು ತಮ್ಮ ಹೊಲದ ಅಂಚಿನಲ್ಲಿ ಮರದ ಪುಟ್ಟ ಗೂಡಂಗಡಿ ಇಟ್ಟಿರುತ್ತಾರೆ. ಮಾರುವವರು ಯಾರೂ ಇರುವುದಿಲ್ಲ. ಸಾಮಾನು ಎತ್ತಿಕೊಳ್ಳಬೇಕು, ದುಡ್ಡು ಇಟ್ಟು ಹೋಗಬೇಕು. ನಾವು ಬ್ಯಾಗಿನಲ್ಲಿ ಒಂದು ರೈ ಬ್ರೆಡ್ ಇಟ್ಟುಕೊಂಡು, ಉಳಿದದ್ದೆಲ್ಲ ಈ ಗೂಡುಗಳಲ್ಲಿ ಸಿಗುತ್ತದಲ್ಲ ಅಂತ ಬಾಡಿಗೆ ಸೈಕಲ್ ಹತ್ತಿದೆವು.

ಉತ್ತರದ ಕಡೆ ನೋರ್ಡ್‌ಬಿ ಊರಿನ ದಾರಿಯಲ್ಲಿ ಒಂದು ಗೂಡು ಸಿಕ್ಕಿತು. ರಟ್ಟಿನ ಡಬ್ಬಿಗಳಲ್ಲಿ ಸ್ಟ್ರಾಬೆರಿ, ಒಂದರ ಮೇಲೊಂದು. ಚೀಲದಲ್ಲಿ ಹಸಿ ಬಟಾಣಿ ಕಾಯಿ. ಕಾಗದದ ಪೊಟ್ಟಣದಲ್ಲಿ ಆಲೂಗಡ್ಡೆ, ಮಣ್ಣು ಇನ್ನೂ ಹಸಿಯಾಗಿತ್ತು. ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಹಾಗೇ ಸುಲಿದು ಬರುತ್ತಿತ್ತು, ಅಷ್ಟು ಎಳೆಯದು. ಪಕ್ಕದಲ್ಲಿ ಮರಕ್ಕೆ ಮೊಳೆ ಹೊಡೆದು ಕೂರಿಸಿದ ಒಂದು ಕಬ್ಬಿಣದ ಡಬ್ಬಿ, ಬೀಗ ಹಾಕಿದ್ದು, ಮೇಲೆ ದುಡ್ಡು ಹಾಕಲು ಸೀಳು. ಅದರ ಮೇಲೆ ಬೆಲೆಯ ಚೀಟಿ, ಚೀಟಿಯಲ್ಲಿ ಒಂದು ಮೊಬೈಲ್‌ಪೇ ನಂಬರ್.

ಅಷ್ಟೇ. ಕಾರ್ಡ್ ಉಜ್ಜುವ ಯಂತ್ರ ಎಲ್ಲಿಂದ ಬರಬೇಕು?

ಈ ಮೊಬೈಲ್‌ಪೇ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಾನು ಎಡವಿದ್ದು ಇಲ್ಲೇ. ನಮ್ಮ ಯುಪಿಐ ಇದ್ದಂತೆ ಅದು, ಎಲ್ಲರ ಫೋನಿನಲ್ಲೂ ಇರುತ್ತದೆ. ಆದರೆ ಅಲ್ಲಿಯ ಬ್ಯಾಂಕ್ ಖಾತೆ, ಅಲ್ಲಿಯ ಫೋನ್ ನಂಬರ್ ಇರುವವರಿಗೆ ಮಾಡಿದ ವ್ಯವಸ್ಥೆ. ಪ್ರವಾಸಕ್ಕೆ ಹೋದ ನಮ್ಮ ಕೈಗೆ ಸಿಗುವುದಿಲ್ಲ. ನನಗೆ "ನಗದು ಬೇಡ" ಅಂದವರೆಲ್ಲ ಅಲ್ಲೇ ನೆಲೆಸಿದವರು ಅಥವಾ ಕೋಪನ್‌ಹೇಗನ್ ಬಿಟ್ಟು ಆಚೆ ಹೋಗದವರು. ನೆಲೆಸಿದವರಿಗೆ ಮೊಬೈಲ್‌ಪೇ ಇದೆ, ಊರೊಳಗಿನವರಿಗೆ ಎಲ್ಲ ಅಂಗಡಿಯಲ್ಲೂ ಕಾರ್ಡ್ ಯಂತ್ರ ಇದೆ. ಅವರ ಮಟ್ಟಿಗೆ ಅವರು ಹೇಳಿದ್ದು ನಿಜವೇ. ಎರಡೂ ಇಲ್ಲದೆ ಹೊಲದ ಅಂಚಿನಲ್ಲಿ ನಿಂತವರ ಗತಿ ಏನು ಅಂತ ನಾನು ಕೇಳಲೇ ಇಲ್ಲ. ನನ್ನ ತಂಗಿಗೂ ಹೊಳೆದಿರಲಿಲ್ಲ, ಪಾಪ.

ಎಲ್ಲ ಸೇರಿ 100 ಕ್ರೋನರ್ ಕೂಡ ಆಗುತ್ತಿರಲಿಲ್ಲ. ನನ್ನ ಹತ್ತಿರ ಇದ್ದದ್ದು 500ರ ನೋಟು. ಬೀಗ ಹಾಕಿದ ಡಬ್ಬಿ ಚಿಲ್ಲರೆ ವಾಪಸ್ ಕೊಡುತ್ತದೆಯೇ? ತಂಗಿಗೆ ಆ ನಂಬರ್ ಕೊಟ್ಟು ಕಟ್ಟಿಸೋಣ ಅಂತ ಫೋನ್ ಮಾಡಿದೆ. ಲ್ಯಾಬ್‌ನಲ್ಲಿದ್ದಳು, ಎತ್ತಲಿಲ್ಲ. ಸುತ್ತ ಒಂದು ನರಪಿಳ್ಳೆ ಇಲ್ಲ. ಈಗ ತಗೊಳ್ಳೋಣ, ಆಮೇಲೆ ಕಟ್ಟೋಣ ಅಂತ ಮನಸ್ಸು ಒಂದು ಕ್ಷಣ ಹೇಳಿತು. ಯಾರೋ ನಮ್ಮನ್ನು ನಂಬಿ ತೆರೆದಿಟ್ಟ ಅಂಗಡಿಯಲ್ಲಿ ಹಾಗೆ ಮಾಡಲು ಇಬ್ಬರಿಗೂ ಮನಸ್ಸು ಒಪ್ಪಲಿಲ್ಲ. ಮೊದಲೇ ಬರೀ ಬ್ರೆಡ್ ತಿಂದು ಹಸಿದಿದ್ದೆವು.

ನೋಟು ಮುರಿಸಲು ದ್ವೀಪದ ದೊಡ್ಡ ಊರು ಟ್ರಾನೆಬ್ಯೆರ್‌ಗೆ ಸೈಕಲ್ ತುಳಿದು ಹೋದೆವು. ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಮೊಸರು ಕೊಂಡು ಚಿಲ್ಲರೆ ಮಾಡಿಸಿ, ಮತ್ತೆ ಅದೇ ಗೂಡಿಗೆ ವಾಪಸ್. ಬರುವಾಗ ಎದುರುಗಾಳಿ. ಆ ದ್ವೀಪದ ಗಾಳಿ ಸಾಮಾನ್ಯದ್ದಲ್ಲ, ವಿದ್ಯುತ್ತನ್ನೆಲ್ಲ ಗಾಳಿಯಂತ್ರದಲ್ಲೇ ಮಾಡಿಕೊಳ್ಳುತ್ತಾರೆ ಅಂದರೆ ಲೆಕ್ಕ ಹಾಕಿ. ಬಂದರು ಮುಟ್ಟುವಷ್ಟರಲ್ಲಿ ನಾವು ಹಿಡಿಯಬೇಕಿದ್ದ ಹಡಗು ಹೊರಟುಹೋಗಿತ್ತು. ಮುಂದಿನ ಹಡಗಿಗೆ ಆರ್ಹುಸ್ ಬಸ್ ಹೊಂದುತ್ತಿರಲಿಲ್ಲ. ರಾತ್ರಿ ಅಲ್ಲೇ ರೂಮು ಮಾಡಬೇಕಾಯಿತು. ಬೇಸಿಗೆ ರಜೆ ಸಮಯ, ಕೇಳಿದಷ್ಟು ಕೊಟ್ಟೆವು. ಸೈಕಲ್ ಬಾಡಿಗೆಯೂ ಮರುದಿನಕ್ಕೆ ಏರಿತು. ಜೇಬಿನಲ್ಲಿ ನಾಲ್ಕು ನಾಣ್ಯ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಆದ್ದರಿಂದ ಅಲ್ಲಿ ಇಳಿದ ದಿನವೇ ಒಂದು ನೋಟು ಮುರಿಸಿ. ನಡುವೆ ತೂತಿರುವ ನಾಣ್ಯಗಳು 1, 2, 5 ಕ್ರೋನರ್‌ನವು. ಬಂಗಾರದ ಬಣ್ಣದವು 10 ಮತ್ತು 20. ಈ ಬಂಗಾರದ ಬಣ್ಣದವನ್ನು ಬೇರೆಲ್ಲೂ ಖರ್ಚು ಮಾಡದೆ ಗೂಡಂಗಡಿಗೆ ಅಂತ ಕೂಡಿಡಿ. ಇನ್ನೊಂದು ದಾರಿ: ನೀರಿನ ಬಾಟಲಿ, ಕ್ಯಾನ್‌ಗೆ 1ರಿಂದ 3 ಕ್ರೋನರ್ ಠೇವಣಿ ಹಿಡಿದಿರುತ್ತಾರೆ. ಖಾಲಿ ಬಾಟಲಿಯನ್ನು ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಕೌಂಟರ್‌ನಲ್ಲಿ ಅದಕ್ಕೆ ಚಿಲ್ಲರೆ ಸಿಗುತ್ತದೆ. ಬೆಂಗಳೂರಿನಲ್ಲೇ ದುಡ್ಡು ಬದಲಾಯಿಸುವುದಾದರೆ 1000 ಕ್ರೋನರ್‌ನ ನೋಟು ಕೊಟ್ಟರೆ ತಗೊಳ್ಳಬೇಡಿ. 2025ರ ಮೇ 31ಕ್ಕೆ ಅದರ ಚಲಾವಣೆ ನಿಂತಿದೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. "ವಿ.ವಿ.ಪುರಂ ತಿಂಡಿ ಬೀದಿ ಥರ ಎಲ್ಲಿದೆ, ಯಾವ ಫುಡ್ ಹಾಲ್ ಅಗ್ಗ" ಅಂತ ಕೇಳಿದ್ದೀರಿ. ಎಲ್ಲೂ ಇಲ್ಲ, ಯಾವುದೂ ಅಲ್ಲ. ಬೀದಿ ತಿಂಡಿ ಅಂದರೆ ಅಗ್ಗ ಅನ್ನುವ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಆಹಾರಕ್ಕೂ 25% ತೆರಿಗೆ ಇದೆ, ಕೆಲಸದವರ ಸಂಬಳವೂ ಜಾಸ್ತಿ. ಫುಡ್ ಹಾಲ್‌ನಲ್ಲಿ ಒಂದು ಪ್ಲೇಟ್ 100 ಕ್ರೋನರ್ ದಾಟುವುದು ಮಾಮೂಲಿ. ಒಂದು ಕ್ರೋನ್‌ಗೆ ಇವತ್ತು ಎಷ್ಟು ರೂಪಾಯಿ ಅಂತ ನೋಡಿ ನೀವೇ ಗುಣಿಸಿ. ಅಷ್ಟು ಕೊಟ್ಟ ಮೇಲೂ ಸಸ್ಯಾಹಾರಿಗಳ ತಟ್ಟೆಗೆ ಬರುವುದು ಫಲಾಫೆಲ್ (ಕಡಲೆಕಾಳು ಅರೆದು ಕರಿದ ವಡೆ), ಪಿಜ್ಜಾ, ಇಲ್ಲವೇ ಯಾವುದೋ ಕರಿ. ಇದನ್ನು ತಿನ್ನಲು ಡೆನ್ಮಾರ್ಕ್ ತನಕ ಹೋಗಬೇಕಾ? ಫಲಾಫೆಲ್ಲೇ ಬೇಕಿದ್ದರೆ ಕೋಪನ್‌ಹೇಗನ್‌ನ ನಾರೆಬ್ರೋ ಬಡಾವಣೆಯ ಸಣ್ಣ ಅಂಗಡಿಗಳಲ್ಲಿ ತಿನ್ನಿ, ಅಲ್ಲಿ ಬೆಲೆ ಎಷ್ಟೋ ಕಡಿಮೆ.

ಕೋಪನ್‌ಹೇಗನ್‌ನಲ್ಲಿ ರೆಫೆನ್ ಅಂತ ಬೀದಿ ತಿಂಡಿ ತಾಣ ಇದೆ, ಅಲ್ಲಿಗೆ ಒಂದು ಸಂಜೆ ಹೋಗಿ, ಬೇಡ ಅನ್ನಲ್ಲ. ಮೊದಲು ಪೇಪರ್ ಐಲ್ಯಾಂಡ್‌ನಲ್ಲಿ ಇಂಥದ್ದೇ ಒಂದು ತಾಣ ಇತ್ತು, 2017ರ ಕೊನೆಗೆ ಮುಚ್ಚಿತು. ಮರುವರ್ಷ ಹಳೆಯ ಹಡಗುಕಟ್ಟೆಯ ಜಾಗದಲ್ಲಿ ರೆಫೆನ್ ಶುರುವಾಯಿತು. ಬಸ್ ಟಿಕೆಟ್‌ನಲ್ಲೇ ಬಂದರಿನ ದೋಣಿ ಹತ್ತಿ ಹೋಗಬಹುದು. ನೀರಿನ ಪಕ್ಕ ಕೂತು ರಾತ್ರಿ ಹತ್ತರವರೆಗೂ ಬೆಳಕು ನೋಡುವುದೇ ಅಲ್ಲಿಯ ಸುಖ. ಊಟ ಮಾಡಿಕೊಂಡೇ ಹೋಗಿ.

ನೀವು ತಿನ್ನಬೇಕಾದದ್ದು ಸಂತೆಯಲ್ಲಿದೆ. ಆರ್ಹುಸ್‌ನ ಇಂಗರ್ಸ್ಲೆವ್ ಬುಲೆವಾರ್ಡ್‌ನಲ್ಲಿ ಬುಧವಾರ ಮತ್ತು ಶನಿವಾರ ಬೆಳಗ್ಗೆ ಮರಗಳ ಕೆಳಗೆ ಸಂತೆ ಕಟ್ಟುತ್ತದೆ. ಶನಿವಾರ ಹೋಗಿ, ಬೆಳಗ್ಗೆಯೇ ಹೋಗಿ. ಬಟಾಣಿ ಕಾಯಿ ಒಂದು ಚೀಲ ತಗೊಳ್ಳಿ. ಅಲ್ಲಿಯವರು ಅದನ್ನು ಬೇಯಿಸುವುದಿಲ್ಲ, ನಡೆಯುತ್ತಾ ಸುಲಿದು ಹಸಿಯಾಗಿ ತಿನ್ನುತ್ತಾರೆ. ಕಾಳು ಹಲ್ಲಿಗೆ ಸಿಕ್ಕಿದರೆ ಸಿಹಿ ನೀರು ಚಿಮ್ಮುತ್ತದೆ. ನನ್ನ ಪ್ರಕಾರ ಜೂನ್ ತಿಂಗಳ ಡೆನ್ಮಾರ್ಕ್‌ನಲ್ಲಿ ಇದಕ್ಕಿಂತ ಒಳ್ಳೆಯ ಬೀದಿ ತಿಂಡಿ ಇಲ್ಲ. ಕೋಪನ್‌ಹೇಗನ್‌ನಲ್ಲೇ ಇರುವುದಾದರೆ ನಾರೆಪೋರ್ಟ್ ನಿಲ್ದಾಣದ ಪಕ್ಕ ಟೋರ್ವೆಹಾಲರ್ನೆ ಇದೆ, ಗಾಜಿನ ಎರಡು ಮಂಟಪ. ಹೊರಗಿನ ಚೌಕದಲ್ಲಿ ಹಣ್ಣು ತರಕಾರಿ ನೋಡಿ. ಒಳಗೆ ಓಟ್ಸ್ ಗಂಜಿ ಮಾರುವ ಗ್ರೋಡ್ ಅಂಗಡಿ ಇದೆ, ಬೆಳಗಿನ ತಿಂಡಿಗೆ ಆಗುತ್ತದೆ.

ಹೋಟೆಲ್ ಬೇಡ, ಒಲೆ ಇರುವ ಮನೆ ಹಿಡಿಯಿರಿ. ಹೊಸ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಬೇಯಿಸಿ. ರೈ ಬ್ರೆಡ್‌ಗೆ ಬೆಣ್ಣೆ ದಪ್ಪಗೆ ಹಚ್ಚಿ, ಆಲೂಗಡ್ಡೆ ಬಿಲ್ಲೆ ಜೋಡಿಸಿ, ಮೇಲೆ ಚೈವ್ಸ್ ಸೊಪ್ಪು, ಕರಿದ ಈರುಳ್ಳಿ. ಅಂಗಡಿಯಲ್ಲಿ ಇದನ್ನೇ ಮಯೋನೀಸ್ ಹಾಕಿ ಮಾರುತ್ತಾರೆ. ಮೊಟ್ಟೆ ತಿನ್ನದವರು ಕೇಳಿ ತಗೊಳ್ಳಬೇಕು. ರೈ ಬ್ರೆಡ್ ಕಪ್ಪಗೆ, ಹುಳಿಯಾಗಿ, ಭಾರವಾಗಿರುತ್ತದೆ, ಮೊದಲ ತುತ್ತಿಗೇ ಬೇಡ ಅನ್ನಬೇಡಿ. ಎರಡು ತುಂಡು ತಿಂದರೆ ಮಧ್ಯಾಹ್ನದ ಊಟ ಮುಗಿಯುತ್ತದೆ.

ನಿಮ್ಮ ಜೊತೆ ಮಾಂಸ ತಿನ್ನುವವರು ಬರುತ್ತಿದ್ದರೆ ಅವರಿಗೆ ಸಾಸೇಜ್ ಗಾಡಿ ತೋರಿಸಿ. 1921ರಿಂದ ಕೋಪನ್‌ಹೇಗನ್ ಬೀದಿಯಲ್ಲಿ ನಿಂತಿರುವ ತಿಂಡಿ ಅದು. ಆ ಕೆಂಪು ಸಾಸೇಜ್ ಹಂದಿ ಮಾಂಸದ್ದು, ತಿಳಿದಿರಲಿ. ರೌಂಡ್ ಟವರ್ ಪಕ್ಕ ಡೊಪ್ ಅನ್ನುವ ಗಾಡಿ ನಿಲ್ಲುತ್ತದೆ, ಅಲ್ಲಿ ಸಸ್ಯಾಹಾರಿ ಹಾಟ್‌ಡಾಗ್ ಕೂಡ ಕೊಡುತ್ತಾರೆ. ಅಲ್ಲಿ ಕಾರ್ಡ್ ನಡೆಯುತ್ತದೆ.