ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದುಕೊಂಡರು

(ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ನಫೀಸಾಗೆ 17 ವರ್ಷ. ಮಂಗಳೂರು ಹೊರವಲಯದ ಬ್ಯಾರಿ (ಕರಾವಳಿಯ ಮುಸ್ಲಿಂ ಸಮುದಾಯ) ಮನೆತನ, ದ್ವಿತೀಯ ಪಿಯುಸಿ ವಿಜ್ಞಾನ. ಉಪ್ಪ (ತಂದೆ) ಸೌದಿಯ ದಮ್ಮಾಮಿನಲ್ಲಿ ದುಡಿಯುತ್ತಾರೆ. ಮನೆಯಲ್ಲಿ ಉಮ್ಮ (ತಾಯಿ), ಉಮ್ಮುಮ್ಮ (ಅಜ್ಜಿ), 22ರ ಅಣ್ಣ. ಕಾಲೇಜಿಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ಊಟ ಸೇರುವುದಿಲ್ಲ, ಯಾರು ಕೇಳಿದರೂ ಮಾತಿಲ್ಲ. ಸ್ಕ್ಯಾನಿಂಗಿನಲ್ಲಿ ಏನೂ ಕಾಣದೆ ವೈದ್ಯರು ಆಪ್ತಸಲಹೆಗೆ ನಮ್ಮಲ್ಲಿಗೆ ಕಳುಹಿಸಿದ್ದರು. "ಇವಳು ಮೊದಲಿಂದಲೂ ಪಾಪದ ಹುಡುಗಿ, ಎದುರು ಮಾತಾಡಿದವಳೇ ಅಲ್ಲ" ಎಂದರು ಉಮ್ಮ, ಹೆಮ್ಮೆಯಿಂದಲೇ.

ಮೊದಲ ಭೇಟಿಯಲ್ಲಿ ಉಮ್ಮನನ್ನು ಹೊರಗೆ ಕೂರಿಸಿ ಹುಡುಗಿಯೊಂದಿಗೆ ಮಾತ್ರ ಮಾತಾಡಬೇಕು. ಯಾವುದು ಗುಟ್ಟಾಗಿ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂದು ಆಗಲೇ ಹೇಳಿಬಿಡಬೇಕು: ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ತಿಳಿಸಲೇಬೇಕು, ಜೀವಕ್ಕೆ ಅಪಾಯವಿದ್ದರೂ ಅಷ್ಟೆ. ಸಾಯಬೇಕು ಅನಿಸಿದೆಯೇ ಎಂದು ನೇರವಾಗಿಯೇ ಕೇಳಿದೆವು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆಗೆ ಆಧಾರವಿಲ್ಲ. ಅವಳಿಗೆ ಅಂಥ ಯೋಚನೆಯೇನೂ ಇರಲಿಲ್ಲ. ಆದರೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಮತ್ತು ಮಕ್ಕಳ ಸಹಾಯವಾಣಿ 1098, ಎರಡನ್ನೂ ಬಾಯಿಪಾಠ ಮಾಡಿಸಿದೆವು. ಅವಳ ಫೋನು ಅಣ್ಣನ ಕಪಾಟಿನಲ್ಲಿತ್ತು. ಗೆಳತಿಯರ ಜೊತೆಗಿನ ಫೋಟೋ ಸ್ಟೇಟಸ್‌ಗೆ ಹಾಕಿದ್ದೇ ಅದಕ್ಕೆ ಕಾರಣ.

ಮನೆಯಲ್ಲಿ ಮಾಡಲು ಅವಳಿಗೆ ಒಂದು ಕೆಲಸ ಕೊಟ್ಟೆವು. ಒಂದು ವಾರ, ಯಾವುದಕ್ಕೆ 'ಬೇಡ' ಅಂದರು, ಯಾರು ಅಂದರು, ಕಾರಣ ಏನು ಕೊಟ್ಟರು, ಅವಳು ಏನು ಉತ್ತರಿಸಿದಳು ಎಂದು ರಸಾಯನಶಾಸ್ತ್ರದ ನೋಟಿನ ಹಿಂದಿನ ಪುಟದಲ್ಲಿ ಬರೆಯುವುದು. ಮೊದಲ ಮೂರು ಕಾಲಮ್ಮು ತುಂಬಿದ್ದವು. ನಾಲ್ಕನೆಯದು ಪೂರಾ ಖಾಲಿ.

ಆ ಮೌನ ಎಷ್ಟು ಆಳದ್ದು ಎಂಬುದು ರಂಜಾನಿನ ವಿಷಯ ಬಂದಾಗ ತಿಳಿಯಿತು. ಮುಟ್ಟಿನ ದಿನಗಳಲ್ಲಿ ಉಪವಾಸ ಹಿಡಿಯುವಂತಿಲ್ಲ, ಬಿಟ್ಟದ್ದನ್ನು ಆಮೇಲೆ ತೀರಿಸಬೇಕು. ಇದು ಮದ್ರಸದಲ್ಲೇ ಕಲಿತ ಪಾಠ. ಆದರೆ ಅಣ್ಣನಿಗೆ ಗೊತ್ತಾದೀತು ಎಂದು ಆ ದಿನಗಳಲ್ಲೂ ಸಹರಿಗೆ (ಉಪವಾಸಕ್ಕೆ ಮುಂಚಿನ ನಸುಕಿನ ಊಟ) ಎದ್ದು ಕೂತು, ಸಂಜೆ ಉಪವಾಸ ಬಿಡುವ ಇಫ್ತಾರಿನವರೆಗೆ ನೀರೂ ಕುಡಿಯುತ್ತಿರಲಿಲ್ಲ. ಜೊತೆಗೆ ವಿಪರೀತ ರಕ್ತಸ್ರಾವ. ಹಿಮೋಗ್ಲೋಬಿನ್ 9.2ಕ್ಕೆ ಇಳಿದಿತ್ತು. ಈ ವಯಸ್ಸಿನ ಹುಡುಗಿಗೆ 12ರ ಕೆಳಗಿದ್ದರೆ ರಕ್ತಹೀನತೆ. ಹಾಗಾಗಿ ಮೊದಲ ಸಲಹೆ ಹೊಟ್ಟೆಗೆ ಸಂಬಂಧಿಸಿದ್ದೇ ಆಯಿತು: ಸ್ತ್ರೀರೋಗ ತಜ್ಞರಿಗೆ ತೋರಿಸಿ, ಅವರು ಬರೆದ ಕಬ್ಬಿಣಾಂಶದ ಮಾತ್ರೆಯನ್ನು ಚಹಾ, ಹಾಲಿನ ಜೊತೆ ನುಂಗದೆ ಲಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳುವುದು. ಮುಟ್ಟಿನ ದಿನ ಉಮ್ಮುಮ್ಮನ ಕೋಣೆಯಲ್ಲಿ ಅವಳಿಗೊಂದು ತಟ್ಟೆ ಇಡುವುದು. ಈ ಏರ್ಪಾಡನ್ನು ಉಮ್ಮುಮ್ಮನೇ ಹೇಳಿದರು. ಇಂಥ ಮನೆಗಳಲ್ಲಿ ಅಜ್ಜಿಯನ್ನು ಮರೆಯಬಾರದು. ಮಗನಿಗೆ ಗದರುವ ಹಕ್ಕು ಇರುವುದು ಅವರಿಗೊಬ್ಬರಿಗೇ.

ಅಸಲು ಸಂಗತಿ ಮೂರನೇ ಭೇಟಿಯಲ್ಲಿ ಬಂತು. ಮಾಮನ ಕಡೆಯಿಂದ ಸಂಬಂಧ ಬಂದಿತ್ತು. ಈಗ ನಿಕಾಹ್ (ಮದುವೆಯ ಒಪ್ಪಂದ) ಮಾತ್ರ, ಪರೀಕ್ಷೆ ಮುಗಿದ ಮೇಲೆ ಕಳುಹಿಸಿಕೊಡುವುದು ಎಂಬ ಲೆಕ್ಕಾಚಾರ. "ಅವಳನ್ನು ಕೇಳಿದೆವು, ಸುಮ್ಮನಿದ್ದಳು. ಹುಡುಗಿಯ ಮೌನವೇ ಸಮ್ಮತಿ ಅಲ್ಲವೇ?" ಎಂದರು ಉಮ್ಮ. ಹದೀಸಿನಲ್ಲಿ (ಪ್ರವಾದಿಯವರ ನಡೆನುಡಿಯ ದಾಖಲೆ) ಅದು ಇದೆ ನಿಜ. ಆದರೆ ಅದೇ ಹದೀಸು ಅವಳ ಅನುಮತಿ ಕೇಳಬೇಕು ಎಂದು ಶುರುವಾಗುತ್ತದೆ. ಇಷ್ಟವಿಲ್ಲದೆ ತಂದೆ ಮಾಡಿಸಿದ ಖನ್ಸಾ ಬಿಂತ್ ಖಿದಾಮರ ಮದುವೆಯನ್ನು ಪ್ರವಾದಿಯವರು ರದ್ದು ಮಾಡಿದ್ದೂ ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಇಸ್ಲಾಮಿನ ಧರ್ಮಶಾಸ್ತ್ರದ ಒಂದು ಪಂಥವಾದ ಶಾಫಿ ಮದ್‌ಹಬ್‌ನಲ್ಲಿ ತಂದೆಗೆ ಹೆಚ್ಚಿನ ಅಧಿಕಾರ ಎಂಬ ವಾದ ಬರುತ್ತದೆ. ಅಲ್ಲೂ ಮಗಳನ್ನು ಕೇಳುವುದು ಸುನ್ನತ್, ಅಂದರೆ ಪಾಲಿಸಬೇಕಾದ ಒಳ್ಳೆಯ ರೂಢಿ. ನಾಚಿಕೆಯ ಮೌನ ಬೇರೆ, ಹೆದರಿಕೆಯ ಮೌನ ಬೇರೆ. ಹುಟ್ಟಿದಾಗಿನಿಂದ ಸುಮ್ಮನಿರಲು ಕಲಿಸಿದ ಹುಡುಗಿಯ ಮೌನದಿಂದ ಯಾವ ಅರ್ಥವನ್ನೂ ತೆಗೆಯಲಾಗದು.

ಕಾನೂನನ್ನು ಉಮ್ಮನಿಗೆ ಬಿಡಿಸಿ ಹೇಳಿದೆವು. 'ನಿಕಾಹ್ ಮಾತ್ರ' ಎಂದರೂ 18 ತುಂಬುವ ಮೊದಲು ನಡೆದರೆ ಅದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಅಪರಾಧ. ಮಾಡಿಸಿದವರಿಗೂ ನೆರವೇರಿಸಿದವರಿಗೂ 2 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ ಆಗಬಹುದು. ಕರ್ನಾಟಕದ ತಿದ್ದುಪಡಿಯಂತೆ ಆ ಮದುವೆಯೇ ಅಸಿಂಧು. ದಿನ ಗೊತ್ತಾದರೆ 1098ಕ್ಕೆ ಅಥವಾ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ತಿಳಿಸಿ, ನ್ಯಾಯಾಲಯದಿಂದ ತಡೆಯಾಜ್ಞೆ ತರಬಹುದು ಎಂದು ನಫೀಸಾಗೆ ಹೇಳಿಕೊಟ್ಟೆವು. ಆದರೆ ಕಾನೂನು ಕೊಡುವುದು 18ರವರೆಗಿನ ಕಾಲಾವಕಾಶ ಮಾತ್ರ. ಆಮೇಲೆ ಕೇಳಿದಾಗ ಬಾಯಿ ಬಿಡಬೇಕಾದವಳು ಅವಳೇ.

ಅದಕ್ಕೇ ಅಭ್ಯಾಸ ಬೇಕಾಯಿತು. ಎದುರಿನ ಕುರ್ಚಿಯಲ್ಲಿ ಕೂತವರನ್ನೇ ಉಪ್ಪ ಎಂದುಕೊಂಡು ಮಾತಾಡುವುದು. ಮೊದಮೊದಲು ಅತ್ತು ಎದ್ದು ಹೋಗುತ್ತಿದ್ದಳು. ಮನೆಯಲ್ಲೂ ಅಷ್ಟೇ ಆಗುತ್ತಿತ್ತು, ಅತ್ತರೆ ಮದುವೆಯ ಸಂಕಟ ಎಂದುಕೊಳ್ಳುತ್ತಿದ್ದರು. ಕಾರಣಗಳನ್ನೆಲ್ಲ ಒಟ್ಟಿಗೆ ಹೇಳಲು ಹೋದರೆ ಒಂದೊಂದಕ್ಕೂ ಮಾಮನ ಬಳಿ ಉತ್ತರವಿರುತ್ತದೆ. ಕೊನೆಗೆ ಎರಡೇ ವಾಕ್ಯ ಉಳಿಸಿದೆವು: "ಉಪ್ಪಾ, ಈ ಸಂಬಂಧ ನನಗೆ ಒಪ್ಪಿಗೆ ಇಲ್ಲ. ನನಗೆ ಓದಬೇಕು." ಬ್ಯಾರಿ ಭಾಷೆಯಲ್ಲಿ, ತಲೆ ಎತ್ತಿ, ಉಮ್ಮುಮ್ಮ ಪಕ್ಕದಲ್ಲಿದ್ದಾಗ, ಶುಕ್ರವಾರದ ವಿಡಿಯೊ ಕರೆಯಲ್ಲಿ. ಅಂದು ಅವರಿಗೆ ರಜೆ.

ಅವಳು ಹೇಳಿದಳು. ಉಪ್ಪ ಕರೆ ಕಟ್ ಮಾಡಿದರು. ಮರುವಾರ ನಮ್ಮೊಂದಿಗೆ ಮಾತಾಡಿದರು.

ಅವರೊಂದಿಗೆ ಹೆಣ್ಣುಮಕ್ಕಳ ಹಕ್ಕಿನ ವಾದಕ್ಕೆ ಇಳಿಯಲಿಲ್ಲ. ಹೆದರಿಕೆ ಯಾವುದರದ್ದು ಎಂದು ಕೇಳಿದೆವು. ಬಸ್ಸು, ಫೋನು, ಊರವರ ಬಾಯಿ. ಇವು ದೂರದಲ್ಲಿರುವ ತಂದೆಯ ನಿಜವಾದ ಹೆದರಿಕೆಗಳು, ಇವನ್ನು ತಳ್ಳಿಹಾಕಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬಸ್ಸಿಗೆ ಊರಿನ ಇನ್ನಿಬ್ಬರು ಹುಡುಗಿಯರ ಜೊತೆ. ನಮ್ಮ ಕಡೆ ಹೆಚ್ಚಿನವು ಖಾಸಗಿ ಬಸ್ಸುಗಳು, ಶಕ್ತಿ ಯೋಜನೆ ಅಲ್ಲಿ ನಡೆಯದು, ಆದ್ದರಿಂದ ಪಾಸಿನ ಖರ್ಚನ್ನೂ ಮೊದಲೇ ಮಾತಾಡಬೇಕು. ಫೋನು ಅವಳ ಕೈಗೆ, ರಾತ್ರಿ 10ರ ನಂತರ ಉಮ್ಮನ ಬಳಿ. ಪಾಸ್‌ವರ್ಡ್ ಅಣ್ಣನಿಗೆ ಕೊಡುವಂತಿಲ್ಲ. ಅಣ್ಣ ಇದಕ್ಕೆ ಸಿಟ್ಟಾದ. ಅವನಿಗೆ ಮಸೀದಿಯಲ್ಲಿ ಪ್ರವಚನ ನೀಡುವ ಖತೀಬರು ಹೇಳಿದ್ದು ನಾಟಿತು, ನಾವು ಹೇಳಿದ್ದಲ್ಲ.

ಸಂಬಂಧದ ಮಾತು ಸದ್ಯ ನಿಂತಿದೆ. ಹೊಟ್ಟೆನೋವು ಕಡಿಮೆಯಾಗಿದೆ. ಅವಳ ಆಸೆ ಬಿ.ಎಸ್ಸಿ. ನರ್ಸಿಂಗ್. ರಾತ್ರಿ ಪಾಳಿ ಇರುತ್ತದೆಂದು ಉಪ್ಪ ಇನ್ನೂ ಒಪ್ಪಿಲ್ಲ. ಪದವಿಗೆ ಮಾತ್ರ ಹೂಂ ಅಂದಿದ್ದಾರೆ. ಯಾವ ಕೋರ್ಸಾದರೂ ದಾಖಲೆ ಬೇಕಾಗುವುದರಿಂದ ನಾಡಕಚೇರಿಯಲ್ಲಿ 2ಬಿ ಜಾತಿ–ಆದಾಯ ಪ್ರಮಾಣಪತ್ರಕ್ಕೆ ಈಗಲೇ ಅರ್ಜಿ ಹಾಕಿಸಿದ್ದೇವೆ. ಉಪ್ಪನ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು ಥರ, ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಥರ ಇದೆ. ಗಲ್ಫ್ ಮನೆಗಳಲ್ಲಿ ಇದು ಮಾಮೂಲು, ಸೀಟು ಸಿಕ್ಕ ಮೇಲೆ ಸರಿಪಡಿಸಲು ಹೊರಟರೆ ದಿನ ಸಾಲುವುದಿಲ್ಲ. ಪ್ರಮಾಣಪತ್ರದ ಅರ್ಜಿಯನ್ನು ನಫೀಸಾಳೇ ತುಂಬಿ, ಕೌಂಟರಿನಲ್ಲಿ ತಾನೇ ಮಾತಾಡಿ ಕೊಟ್ಟು ಬಂದಿದ್ದಾಳೆ.